ಸೀಸೆಯ ದುಂಬಿ

ಗುಬ್ಬಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮೇಷ್ಟ್ರು ನಾನು. ಜೀವಿಗಳ ಲಕ್ಷಣಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ: ಉಸಿರಾಡುತ್ತವೆ, ಬೆಳೆಯುತ್ತವೆ, ವಂಶ ಬೆಳೆಸುತ್ತವೆ. ಎಂಟು ವರ್ಷದ ಮಗಳ ಮುಂದೆ ಮಾತ್ರ ಈ ಪಟ್ಟಿಯ ಆಟ ನಡೆಯುತ್ತಿರಲಿಲ್ಲ. "ಹೆಪ್ಪಿಗೆ ಜೀವ ಇದ್ಯಾ? ಫ್ರಿಜ್ಜಲ್ಲಿಟ್ರೆ ಸಾಯತ್ತಾ?" ಎಂದು ಊಟದ ನಡುವೆ ಹಿಡಿದುಕೊಳ್ಳುತ್ತಿದ್ದಳು. ಮೇಷ್ಟ್ರ ಮಗಳಲ್ಲವೇ ಎಂದು ಒಳಗೊಳಗೇ ಬೀಗುತ್ತಿದ್ದೆ.

ಅವಳು ಎಲ್‌ಕೆಜಿ ಸೇರಿದ ವರ್ಷ ನಮ್ಮಮ್ಮ ಹುಲಿಯೂರುದುರ್ಗದಿಂದ ತೆಂಗಿನ ಸಸಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ತುಮಕೂರಿನ ನಮ್ಮ ಹಿತ್ತಿಲಲ್ಲಿ ನೆಟ್ಟಿದ್ದಳು. "ಇದು ನಿನ್ ತಂಗಿ ಕಣವ್ವ, ನೀರು ಹುಯ್ಯೋದು ನಿಂದೇ" ಎಂದಿದ್ದಳು. ಮಗಳು ಅದನ್ನು ಪೂರ್ತಿ ನಂಬಿದ್ದಳು.

ಹೋದ ವರ್ಷ ಗರಿಗಳು ಕತ್ತರಿಯಾಡಿಸಿದಂತೆ ಬಿಚ್ಚಿಕೊಂಡವು. ಹೊಸ ಗರಿ ಹುಟ್ಟುವ ಸುಳಿಯ ಬುಡದಲ್ಲಿ ತೂತು, ಒಳಗೆ ಕೊಂಬಿನ ದುಂಬಿ. ಅದನ್ನು ಕಂಬಿಯ ಕೊಕ್ಕೆಯಿಂದ ಎಳೆದು ತೆಗೆಯುವುದು ನಮ್ಮ ಕಡೆಯ ರೂಢಿ. ಆದರೆ ಅದಕ್ಕೆ ಪಳಗಿದ ಕೈ ಬೇಕು.

"ಸುಳಿ ತಾವ ನೀನು ಕೈ ಹಾಕ್ಬ್ಯಾಡ ಕಣ್ಲಾ. ಉಪ್ಪು ಮರಳು ಹಾಕಿ ಬುಡು. ಹಬ್ಬಕ್ಕೆ ಬಂದಾಗ ನಾನೇ ತೆಗುಸ್ತೀನಿ" ಎಂದಳು ಅಮ್ಮ ಫೋನಿನಲ್ಲಿ.

ಹಬ್ಬಕ್ಕೆ ಮೂರು ವಾರವಿತ್ತು. ಮಗಳಿಗೆ ದುಂಬಿಯನ್ನು ಜೀವಂತ ನೋಡಬೇಕಿತ್ತು, ನನಗೆ ತೋರಿಸಬೇಕಿತ್ತು. ಸ್ಟೂಲ್ ಹತ್ತಿ ಕಂಬಿ ಇಳಿಸಿ ತಿರುಗಿಸಿದೆ. ಎಳೆ ಮೂಲಂಗಿ ಮುರಿದಂಥ ಸದ್ದಾಯಿತು. ದುಂಬಿ ಕಾಲಾಡಿಸುತ್ತ ಹೊರಬಂತು, ಮಗಳು ಕುಣಿದಾಡಿದಳು. ಸಂಜೆಗೆ ಅದು ಸತ್ತಾಗ ಸೀಸೆಗೆ ಹಾಕಿ ಚೀಟಿ ಅಂಟಿಸಿದೆ: ಹೆಸರು, ಸಿಕ್ಕ ಜಾಗ, ತಾರೀಕು. ತಾರೀಕಿಲ್ಲದ ಮಾದರಿ ಬರೀ ಕಸ ಎಂದು ಅವಳಿಗೆ ಪಾಠವನ್ನೂ ಹೇಳಿದೆ.

ಹಬ್ಬಕ್ಕೆ ಬಂದ ಅಮ್ಮ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದಳು. ಅದು ಕಿತ್ತು ಕೈಗೇ ಬಂತು, ಬುಡ ಕೊಳೆತು ನಾರುತ್ತಿತ್ತು. "ತೆಂಗಿಗೆ ಇರೋದು ಒಂದೇ ಸುಳಿ ಕಣ್ಲಾ" ಎಂದಳು, ಅಷ್ಟೇ. ಅದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನೂ ನಾನೇ.

ಹಳೆಯ ಗರಿಗಳು ಮಾತ್ರ ತಿಂಗಳುಗಟ್ಟಲೆ ಹಸಿರಾಗೇ ಇದ್ದವು. ಮಗಳು ದಿನಾ ನೀರು ಹಾಕುತ್ತಿದ್ದಳು. "ಬದುಕಿದೆ ತಾನೇ ಅಪ್ಪಾ?" ಎನ್ನುತ್ತಿದ್ದಳು. ಗರಿಗಳು ಉಸಿರಾಡುತ್ತಿದ್ದುದು ನಿಜ, ಇನ್ನೊಂದು ಗರಿ ಹುಟ್ಟುವುದಿಲ್ಲ ಎನ್ನುವುದೂ ನಿಜ. ಬೇವಿನ ಹಿಂಡಿ ಹಾಕಿದೆ, ಊರ್ಡಿಗೆರೆಯ ತೋಟದವರನ್ನೆಲ್ಲ ಕೇಳಿದೆ. ಎಲ್ಲರೂ ತಲೆಯಾಡಿಸಿದರು. ಮಾಡಿದ್ದುಣ್ಣೋ ಮಹರಾಯ ಎಂದು ನಾನೊಬ್ಬನೇ ಉಂಡಿದ್ದರೆ ಚಿಂತೆಯಿರಲಿಲ್ಲ. ಅವಳು ಚೊಂಬು ಹಿಡಿದು ಹೋಗುವುದನ್ನು ನೋಡಲಾಗದೆ ನಾನು ಬೇಗ ಸ್ಕೂಲಿಗೆ ಹೊರಡತೊಡಗಿದೆ.

ಕೊನೆಯ ಗರಿ ಬಿದ್ದ ದಿನ ಮಗಳು ನೋಟ್‌ಬುಕ್ ಹಿಡಿದು ಬಂದಳು. ಅತ್ತು ಕಣ್ಣು ಊದಿಕೊಂಡಿದ್ದವು.

"ಅಪ್ಪಾ, ತಂಗಿ ಸತ್ತಿದ್ದು ಯಾವತ್ತು? ಇವತ್ತಾ, ಮುಂಚೇನೇನಾ? ತಾರೀಕು ಬರೀಬೇಕು."

ಅವಳ ಬೆನ್ನ ಹಿಂದೆ, ಶೋಕೇಸಿನಲ್ಲಿ, ಸೀಸೆಯ ಚೀಟಿಯ ಮೇಲೆ ಆ ತಾರೀಕು ನನ್ನದೇ ಅಕ್ಷರದಲ್ಲಿತ್ತು.

"ಗೊತ್ತಿಲ್ಲ ಮಗಳೇ" ಎಂದೆ.