ಪೂರಾ ಒಂದು ನಿಮಿಷ

ಸಿಟ್ಟು ಬಂದರೆ ಯಶೋಧಾಳ ದನಿ ಏರುವುದಿಲ್ಲ, ಇಳಿಯುತ್ತದೆ. ಆ ದಿನ ಸಿಂದಗಿಯ ಬಾಡಿಗೆ ಕೋಣೆಯಲ್ಲಿ ನಡೆದ ಮೀಟಿಂಗಿನಲ್ಲಿ ಅದು ಕಿವಿಗೊಟ್ಟರಷ್ಟೇ ಕೇಳುವಷ್ಟು ಇಳಿದಿತ್ತು.

ಡಾಕ್ಟರೇಟ್ ಮುಗಿಸಿದ ವಿಜಯಶ್ರೀ ಎಳೆಮಕ್ಕಳ ನ್ಯುಮೋನಿಯಾ ಕುರಿತು ಎರಡು ವರ್ಷದ ಪೋಸ್ಟ್‌ಡಾಕ್ಟರಲ್ ಸಂಶೋಧನೆ ಹಿಡಿದಿದ್ದಳು. ಊರೂರು ತಿರುಗಿ ಕೂಸುಗಳ ಉಸಿರು ಎಣಿಸಲು ಆರು ಹೆಣ್ಣುಮಕ್ಕಳನ್ನು ಇಟ್ಟುಕೊಂಡಿದ್ದಳು. ಅವರಲ್ಲಿ ಯಶೋಧಾ ಒಬ್ಬಳು. ಹತ್ತನೇ ಕ್ಲಾಸು ಓದಿದವಳು, ಮೂರು ಹೆತ್ತವಳು. ದೇವರ ಹಿಪ್ಪರಗಿ ಕಡೆಯ ಎಂಟು ಊರು ಅವಳ ಪಾಲಿಗೆ ಬಂದಿದ್ದವು. ಎರಡು ತಿಂಗಳು ದಾಟಿದ, ವರ್ಷದೊಳಗಿನ ಕೂಸು ನಿಮಿಷಕ್ಕೆ ಐವತ್ತು ಸಲ, ಇಲ್ಲವೇ ಅದಕ್ಕೂ ಹೆಚ್ಚು ಉಸಿರಾಡಿದರೆ ಆಸ್ಪತ್ರೆಗೆ ಕಳಿಸಬೇಕು. ಕೆಲಸ ಇಷ್ಟೇ. ಆದರೆ ದೃಷ್ಟಿಯಾದೀತೆಂದು ಇಲ್ಲಿಯ ತಾಯಂದಿರು ಹೊರಗಿನವರ ಮುಂದೆ ಕೂಸಿಗೆ ತಲೆಯಿಂದ ಹೊದಿಸಿದ ಕುಂಚಿಗೆ ಬಿಚ್ಚುವುದಿಲ್ಲ. ಯಶೋಧಾ ಕೂತು ಚಹಾ ಕುಡಿದು, ಅತ್ತೆಯ ಮಂಡಿನೋವು ವಿಚಾರಿಸಿ, ಕೂಸು ಅಳು ನಿಲ್ಲಿಸಿ ಮಲಗುವವರೆಗೆ ಕಾದು, ಆಮೇಲೆ ಎದೆಯ ಬಟ್ಟೆ ಸರಿಸಿ ಪೂರಾ ಒಂದು ನಿಮಿಷ ಎಣಿಸುತ್ತಿದ್ದಳು. ದಿನಕ್ಕೆ ಎಂಟು ಮನೆ ಮುಗಿದರೆ ಹೆಚ್ಚು. ಉಳಿದವರು ಮೂವತ್ತು ಮುಗಿಸುತ್ತಿದ್ದರು.

ಸೂಪರ್‌ವೈಜರ್ ಪ್ರೇಮಕುಮಾರ ಅವಳ ಹಾಳೆಗಳನ್ನು ಮೇಜಿನ ಮೇಲೆ ಒಗೆದ.

"ಎಲ್ಲಾರ ಊರಾಗ ನೂರಕ್ಕ ನಾಕು ಕೂಸಿಗೆ ಉಸಿರು ಜೋರು ಐತಿ. ಈಕಿ ಊರಾಗ ಹದಿನಾಕು. ಇವನ್ನ ಲೆಕ್ಕಕ್ಕ ತಗೋಬ್ಯಾಡ್ರಿ ಮೇಡಮ್. ಮನ್ಯಾಗ ಕುಂತು ಬರದಾಳ."

ಮನೆಯಲ್ಲಿ ಕೂತು ಬರೆದಳಂತೆ. ಬಿಸಿಲಲ್ಲಿ ಎರಡು ಜೋಡಿ ಚಪ್ಪಲಿ ಸವೆಸಿದವಳಿಗೆ ಈ ಮಾತು. ಯಶೋಧಾಳ ಮೈ ಉರಿಯಿತು.

"ಉಳಿದವರಿಗೆ ಹ್ಯಾಂಗ ಎಣಸಾಕ ಹೇಳೀರಿ, ಸರ?"

"ಹದಿನೈದು ಸೆಕೆಂಡ್ ಎಣಸಿ ನಾಕರಿಂದ ಗುಣಸೂದು. ಲೆಕ್ಕ ಒಂದ ಬರ್ತೈತಿ."

ಕಂಪ್ಯೂಟರಿಗೆ ಅಂಕಿ ತುಂಬುವ ಸಾಕ್ಷಿ ಮೂಲೆಯಲ್ಲಿ ಕೂತಿದ್ದಳು. ನೆಗಡಿಯಾದ ಅವಳ ಏಳು ತಿಂಗಳ ಮಗಳು ಮಡಿಲಲ್ಲಿ ಮಲಗಿದ್ದಳು. ಯಶೋಧಾ ಅವಳನ್ನು ಕೇಳಿ ಕುಂಚಿಗೆ ಬಿಚ್ಚಿದಳು.

"ಎಣಸ್ರಿ."

ಪ್ರೇಮಕುಮಾರ ಗಡಿಯಾರ ನೋಡುತ್ತ ಎಣಿಸಿದ. "ಹನ್ನೊಂದು. ಅಂದ್ರ ನಲವತ್ನಾಕು. ಅರಾಮ ಐತಿ."

ಏಳಹೊರಟವನ ಮುಂಗೈಯನ್ನು ಯಶೋಧಾ ಹಿಡಿದಳು. "ಮೊದಲಿಂದ ಎಣಸ್ರಿ. ನಿಮಿಷ ಮುಗಿಯೂತನಕ ಏಳೂಹಂಗಿಲ್ಲ."

ಎಳೆಗೂಸಿನ ಉಸಿರು ಒಂದೇ ಸಮ ನಡೆಯುವುದಿಲ್ಲ. ತುಸು ತಗ್ಗುತ್ತದೆ, ಮತ್ತೆ ಬಿರುಸಾಗುತ್ತದೆ. ವಿಜಯಶ್ರೀಯೂ ಬಗ್ಗಿ ಎಣಿಸಿದಳು. ನಿಮಿಷಕ್ಕೆ ಐವತ್ತಾರು. ಇನ್ನೊಮ್ಮೆ ಎಣಿಸಿದರೆ ಐವತ್ತೈದು. ಸಾಕ್ಷಿ ಮಗಳನ್ನು ಅವಚಿಕೊಂಡು ಆಸ್ಪತ್ರೆಗೆ ಓಡಿದಳು.

"ನಿಮ್ಮ ಹಾಳೀನ ಖರೇ, ಯಶೋಧಕ್ಕ" ಎಂದಳು ವಿಜಯಶ್ರೀ. "ಉಳಿದವರವು ಎಲ್ಲಾ ತಗದುಹಾಕ್ತೇನಿ. ನನ್ನ ಸಂಶೋಧನಾ ಉಳೀತು."

ಇದನ್ನು ಕೇಳಿ ಸಿಟ್ಟು ಇಳಿಯಬೇಕಿತ್ತು. ದುಪ್ಪಟ್ಟಾಯಿತು.

"ಹಾಳಿ ತಗದುಹಾಕ್ತೀರಿ. ಅದರಾಗಿನ ಕೂಸುಗಳು?"

ಯಶೋಧಾ ಉಳಿದವರ ಹಾಳೆಗಳ ಕಟ್ಟನ್ನು ಎಳೆದುಕೊಂಡು ನಲವತ್ನಾಲ್ಕು ಎಂದು ಬರೆದಿದ್ದ ಮೊದಲ ಹಾಳೆ ತೆಗೆದಳು. ತಾಯಿಯ ಹೆಸರು ಓದಿದಳು, ತಾರೀಖು ಓದಿದಳು. ಇಪ್ಪತ್ತಮೂರು ದಿನ ಆಗಿಹೋಗಿತ್ತು. ಕೆಳಗೆ 'ಮನೆಗೆ ಹೋಗಿ ಪರಿಶೀಲಿಸಿದ್ದೇನೆ' ಎಂಬುದರ ಮುಂದೆ ಪ್ರೇಮಕುಮಾರನ ಸಹಿ ಇತ್ತು.

"ನಡ್ರಿ ಸರ" ಎಂದಳು. "ಈ ಮನಿ ತೋರಸ್ರಿ."

ಆ ಮನೆ ಯಾವ ಓಣಿಯಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ.