ಯೋಗೀಶ ಲಾರಿಯ ಹೊಳಪು ತೆಗೆದದ್ದು

ಗಾಡಿಗೆ ಬೇಗ ಬಣ್ಣ ಆಗಬೇಕು ಅನ್ನುವವರು ನಮ್ಮ ಕೊರಟಗೆರೆಯಲ್ಲಿ ಯೋಗೀಶನ ಹತ್ತಿರ ಹೋಗಬಾರದು. ಒಂದು ಸ್ಕೂಟರಿನ ಮಡ್‌ಗಾರ್ಡಿಗೆ ನಾಲ್ಕು ದಿನ ತೆಗೆದುಕೊಳ್ಳುತ್ತಾನೆ. ಉಜ್ಜುತ್ತಾನೆ, ತೊಳೆಯುತ್ತಾನೆ, ಬಿಸಿಲಿಗೆ ಹಿಡಿದು ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. ಅವನ ಪೇಂಟಿಂಗ್ ಅಂಗಡಿಗೆ ಅಂಟಿಕೊಂಡೇ ನನ್ನ ಜೆರಾಕ್ಸ್ ಅಂಗಡಿ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹತ್ತು ಪ್ರತಿ ತೆಗೆದುಕೊಡುವ ನನಗೆ ಅವನ ಕೆಲಸ ನೋಡಿದರೆ ಮೈ ಉರಿಯುತ್ತಿತ್ತು. ಮದುವೆಗೆ ಬೇಕು ಅಂತ ಕೊಟ್ಟ ಬೈಕು ಮಗುವಿನ ನಾಮಕರಣಕ್ಕೆ ಸಿಗುತ್ತದೆ ಅಂತ ಅವನ ಗಿರಾಕಿಗಳ ಎದುರೇ ರೇಗಿಸುತ್ತಿದ್ದೆ. ಅವನು ನಕ್ಕು ಮತ್ತೆ ಉಜ್ಜಲು ಕೂರುತ್ತಿದ್ದ.

ಯೋಗೀಶನದು ಚನ್ನರಾಯನದುರ್ಗದ ಕಡೆಯ ಕುರಿ ಕಾಯುವ ಮನೆತನ. ತಾಯಿ ಕೊಲ್ಲಾಪುರಮ್ಮ ಈಗಲೂ ಹನ್ನೆರಡು ಕುರಿ ಇಟ್ಟುಕೊಂಡಿದ್ದಾರೆ. ಮಗನಿಗೆ ಮಾತ್ರ ಒಂದು ವಿಚಿತ್ರ ಚಟ. ಬಿಡಿಬಿಡಿ ತುಂಡುಗಳಾಗಿ ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಕಾರು, ಲಾರಿಗಳನ್ನು ತರಿಸಿ, ಅಂಟಿಸಿ, ಬಣ್ಣ ಹೊಡೆದು ಗಾಜಿನ ಬೀರುವಿನಲ್ಲಿಡುವುದು. ನಲವತ್ತು ದಾಟಿದ ಗಂಡಸಿಗೆ ಇದೇನು ಮಕ್ಕಳಾಟ ಅಂತ ಅದಕ್ಕೂ ನಾನು ಆಡಿಕೊಳ್ಳುತ್ತಿದ್ದೆ.

ಆ ಬೀರು ನೋಡಿಯೇ ಹೋದ ವರ್ಷ ಕೊಳಾಲದ ಶಾಂತಕುಮಾರಿ ಒಂದು ಹಳೆಯ ಡಬ್ಬಿ ಹಿಡಿದುಕೊಂಡು ಬಂದರು. ಅವರ ಗಂಡ ನಟರಾಜು ಲಾರಿ ಓಡಿಸುತ್ತಿದ್ದವರು, ತೀರಿಕೊಂಡು ಮೂರು ವರ್ಷವಾಗಿತ್ತು. ಅವರು ಮುಂಬೈಗೆ ಲೋಡು ಹೊತ್ತು ಹೋದಾಗ ಆಸೆಪಟ್ಟು ಕೊಂಡು ತಂದ ಲಾರಿಯ ಕಿಟ್ಟು ಅದು. ನಿಜವಾದ ಲಾರಿ ಯಾರದೋ ಪಾಲಾಗಿತ್ತು, ಮನೆಯಲ್ಲಿ ಅದರದೊಂದು ಫೋಟೋ ಕೂಡ ಇರಲಿಲ್ಲ. ಇದನ್ನಾದರೂ ಜೋಡಿಸಿಕೊಡು ಅಂದರು. ಆದರೆ ಅವರ ಲಾರಿಯ ಹಾಗೇ ಇರಬೇಕು. ಬಂಪರಿಗೂ ಡೀಸೆಲ್ ಟ್ಯಾಂಕಿಗೂ ನೀಲಿ ಬಣ್ಣ, ಎಲ್ಲೂ ಮಿರಮಿರ ಹೊಳೆಯಕೂಡದು. ನಟರಾಜುಗೆ ಥಳಕು ಕಂಡರೆ ಆಗುತ್ತಿರಲಿಲ್ಲವಂತೆ.

ತೊಡಕಿದ್ದದ್ದು ಅಲ್ಲೇ. ಡಬ್ಬಿಯೊಳಗಿನ ಬಂಪರು, ಟ್ಯಾಂಕು, ಮುಂದಿನ ಜಾಲರಿ ಎಲ್ಲಕ್ಕೂ ಕಾರ್ಖಾನೆಯವರು ಕನ್ನಡಿಯಂಥ ಕ್ರೋಮ್ ಹೊಳಪು ಕೊಟ್ಟಿದ್ದರು. ಆ ಹೊಳಪಿನ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಅದನ್ನು ಪೂರಾ ತೆಗೆಯಲೇಬೇಕು. ಆ ಕಿಟ್ಟು ಮಾಡುವುದನ್ನೇ ಕಂಪನಿ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಒಂದು ತುಂಡು ಕೆಟ್ಟರೂ ಇನ್ನೊಂದು ಸಿಗುವುದಿಲ್ಲ.

ಅಂಥದ್ದರಲ್ಲಿ ಯೋಗೀಶ ಮೊದಲ ದಿನವೇ ಎಡವಿದ. ಇಪ್ಪತ್ತು ವರ್ಷ ತಗಡಿನ ಗಾಡಿಗೆ ಬಣ್ಣ ಹೊಡೆದ ಕೈ ಅದು. ಹಳೇ ಬಣ್ಣ ತೆಗೆಯಬೇಕು ಅಂದ ಕೂಡಲೇ ತಾನಾಗಿಯೇ ಥಿನ್ನರ್ ಡಬ್ಬಿಗೆ ಹೋಯಿತು. ತಗಡಿಗೆ ಥಿನ್ನರ್ ಏನೂ ಮಾಡದು, ಪ್ಲಾಸ್ಟಿಕ್ಕಿಗೆ ಅದು ಯಮ. ಬಂಪರು ಕಣ್ಣೆದುರೇ ಬೆಲ್ಲದಂತೆ ಮೆತ್ತಗಾಗಿ ಸೊಟ್ಟಗಾಯಿತು. ಅವನ ಮುಖ ನೋಡಲಾಗಲಿಲ್ಲ ನನಗೆ. ಹೆಂಗಸರಿಗೇನು ಗೊತ್ತಾಗುತ್ತೆ, ಡಬ್ಬಿಯಲ್ಲಿ ಇರಲೇ ಇಲ್ಲ ಅಂದುಬಿಡು ಅಂತ ಬುದ್ಧಿ ಹೇಳಿದೆ. ಅವನು ಅದೇ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು, ಸೊಟ್ಟ ಬಂಪರು ಜೇಬಿನಲ್ಲಿಟ್ಟುಕೊಂಡು ಕೊಳಾಲಕ್ಕೆ ಹೋದ. ತಪ್ಪು ನನ್ನದು, ಬಂಪರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕೊರೆದು ಮಾಡುತ್ತೇನೆ, ಇಷ್ಟಾದ ಮೇಲೂ ನಂಬಿಕೆ ಇದ್ದರೆ ಉಳಿದದ್ದನ್ನು ನನ್ನಲ್ಲಿ ಬಿಡಿ ಅಂದನಂತೆ. ಅವರು ಬಿಟ್ಟರು.

ಆಮೇಲೆ ಒಂದು ತಿಂಗಳು ಆ ತುಂಡುಗಳನ್ನು ಮುಟ್ಟಲಿಲ್ಲ. ಫೋನಿನಲ್ಲಿ ಅವರಿವರನ್ನು ವಿಚಾರಿಸಿ ಒಂದು ಸಂಗತಿ ತಿಳಿದುಕೊಂಡ. ಹೆಸರು ಕ್ರೋಮ್ ಆದರೂ ಪ್ಲಾಸ್ಟಿಕ್ಕಿನ ಮೇಲಿರುವುದು ತೆಳ್ಳನೆಯ ಅಲ್ಯೂಮಿನಿಯಂ ಪದರವಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಾನು ನಕ್ಕೆ. ಅವನು ನಗಲಿಲ್ಲ. ಅದೇ ವಾರ ಊರಿಗೆ ಹೋದಾಗ ತಾಯಿ ಅವನ ಹೆಂಡತಿಯನ್ನು ಗದರುವುದು ಕಿವಿಗೆ ಬಿತ್ತು.

"ಅಲ್ಯೂಮಿನಿ ತಪ್ಪಲೇಲಿ ಚೌಳು ನೀರು ಇಕ್ಕಬ್ಯಾಡ ಅಂತ ಎಷ್ಟು ಸಲ ಹೇಳಿವ್ನಿ ಕಣಮ್ಮ? ತಿಂದು ತೂತು ಮಾಡ್ಬುಡ್ತದೆ."

ಕೊಲ್ಲಾಪುರಮ್ಮನಿಗೆ ಸೋಪಿನ ಪುಡಿಯ ಮೇಲೆ ನಂಬಿಕೆಯಿಲ್ಲ. ಬೇಸಿಗೆಯಲ್ಲಿ ಕೆರೆಯ ಅಂಚಿನಲ್ಲಿ ಬೆಳ್ಳಗೆ ಉಕ್ಕುವ ಚೌಳು ಮಣ್ಣನ್ನು ಗುಡಿಸಿ ತಂದು, ನೆನೆಸಿ, ಆ ತಿಳಿನೀರಿನಲ್ಲೇ ಹಾಸಿಗೆ ಬಟ್ಟೆ ಒಗೆಯುತ್ತಾರೆ. ಕೊಳೆ ಹೆಚ್ಚಿದ್ದರೆ ಅದಕ್ಕೆ ಸುಣ್ಣ ಬೆರೆಸಿ ಖಾರ ಏರಿಸುತ್ತಾರೆ. ತಪ್ಪಲೆ ತಿನ್ನುವ ನೀರು ಲಾರಿಯ ಹೊಳಪನ್ನೂ ತಿನ್ನಬೇಕಲ್ಲ ಅಂತ ಯೋಗೀಶನಿಗೆ ಹೊಳೆಯಿತು. ಆ ಅಮ್ಮನನ್ನೇ ಅಂಗಡಿಗೆ ಕರೆತಂದ.

ಅವತ್ತು ನಾನೂ ಜೆರಾಕ್ಸ್ ನಿಲ್ಲಿಸಿ ಹೋಗಿ ನಿಂತೆ. ಕೊಲ್ಲಾಪುರಮ್ಮ ಸುಣ್ಣ ಬೆರೆಸಿದ ತಿಳಿನೀರನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಬಸಿದು, ಖಾರ ಎಷ್ಟಿದೆ ಅಂತ ನೋಡಲು ಸೊಂಟದ ಚೀಲದಿಂದ ಚಿಟಿಕೆ ಕುರಿ ತುಪ್ಪಟ ತೆಗೆದು ಅದರಲ್ಲಿ ಅದ್ದಿದರು. ಸ್ವಲ್ಪ ಹೊತ್ತಿಗೆ ಉಣ್ಣೆ ಲೋಳೆಲೋಳೆಯಾಯಿತು. ಖಾರ ಜಾಸ್ತಿಯಾಯಿತು ಅಂತ ನೀರು ಬೆರೆಸಿ, ಹೊಸ ತುಪ್ಪಟ ಅದ್ದಿ ನೋಡಿದರು. ಮೂರನೆಯ ಸಲದ ಉಣ್ಣೆ ಮೆತ್ತಗಾಯಿತು, ಕರಗಲಿಲ್ಲ. ಕಂಬಳಿ ಯಾವ ನೀರಿನಲ್ಲಿ ಹಾಳಾಗುತ್ತದೆ ಅನ್ನುವುದು ಕುರಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಯೋಗೀಶ ಕೈಗೆ ಗ್ಲೌಸ್ ಹಾಕಿಕೊಂಡು, ಮೊದಲು ಕೆಟ್ಟ ಬಂಪರನ್ನೇ ಮುಳುಗಿಸಿ ಪರೀಕ್ಷೆ ಮಾಡಿದ. ಸಣ್ಣ ಗುಳ್ಳೆಗಳೆದ್ದವು. ಅರ್ಧ ಗಂಟೆಯಲ್ಲಿ ಅದರಲ್ಲಿ ಉಳಿದಿದ್ದ ಹೊಳಪೆಲ್ಲ ನೀರುಪಾಲಾಗಿ, ಕೆಳಗಿನ ಪ್ಲಾಸ್ಟಿಕ್ಕು ಮೊದಲಿಗಿಂತ ಕೂದಲೆಳೆಯಷ್ಟೂ ಹೆಚ್ಚು ಕೆಡದೆ ಉಳಿದಿತ್ತು. ಅವನಿಗಿಂತ ನನಗೇ ಹೆಚ್ಚು ಖುಷಿಯಾಯಿತು.

ಒಂದೊಂದೇ ತುಂಡನ್ನು ಮುಳುಗಿಸಿ, ಹೊಳಪಿನ ಅಡಿಯಲ್ಲಿದ್ದ ಹಳದಿ ವಾರ್ನಿಷ್ ಪದರವನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೆಗೆದ. ಹತ್ತು ದಿನ ಹಿಡಿಯಿತು. ಕೊನೆಗೆ ಉಳಿದದ್ದು ಡೀಸೆಲ್ ಟ್ಯಾಂಕು. ಅದರ ಮೇಲೆ ಮೊದಲಿನಿಂದಲೂ ಒಂದು ಮಂಕು ಕಲೆಯಿತ್ತು. ಹೊಳಪು ಹೋದ ಮೇಲೆ ನೋಡಿದರೆ ಅದು ಬೆರಳಿನ ಗುರುತು. ಯಾರೋ ಅಂಟು ಜಾಸ್ತಿ ಸುರಿದು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಾರೆ. ಹೊಳಪಿನ ಅಡಿಗೂ ಇಳಿದ ಅಂಟಿಗೆ ಮೆತ್ತಗಾದ ಪ್ಲಾಸ್ಟಿಕ್ಕಿನಲ್ಲಿ ಗೆರೆಗೆರೆಯೂ ಇಳಿದು ಗಟ್ಟಿಯಾಗಿದೆ. ಇಂಥದ್ದನ್ನು ಪುಟ್ಟಿ ತುಂಬಿ ಉಜ್ಜಿ ನುಣ್ಣಗೆ ಮಾಡುವುದು ಅವನ ಕಸುಬಿನ ಮೊದಲ ಪಾಠ. ಉಪ್ಪುಕಾಗದ ಕೈಯಲ್ಲೇ ಇತ್ತು. ಎರಡು ನಿಮಿಷದ ಕೆಲಸ, ಉಜ್ಜಿ ಮುಗಿಸೋ ಮಾರಾಯ ಅಂದೆ.

ಅವನು ಉಪ್ಪುಕಾಗದ ಕೆಳಗಿಟ್ಟು ಶಾಂತಕುಮಾರಿಗೆ ಫೋನ್ ಮಾಡಿದ.

ಮಾರನೇ ದಿನ ಬೆಳಗಿನ ಬಸ್ಸಿಗೇ ಅವರು ಬಂದರು. ಟ್ಯಾಂಕನ್ನು ಬೆಳಕಿಗೆ ಹಿಡಿದು ನೋಡಿದರು. ಗುರುತಿನ ನಡುವೆ ಅಡ್ಡಡ್ಡ ಒಂದು ಸೀಳು ಗೆರೆಯಿತ್ತು. ನಟರಾಜು ಟಾರ್ಪಾಲಿನ ಹಗ್ಗ ಎಳೆಯುವಾಗ ಕುಯ್ದುಕೊಂಡ ಗಾಯ ಅದು, ಸಾಯುವ ತನಕ ಮಾಸಲಿಲ್ಲ ಅಂದರು. ಒಂದು ಭಾನುವಾರ ಕೂತು ಅಂಟಿಸಲು ನೋಡಿ, ಅಂಟಲಿಲ್ಲ ಅಂತ ಬೈದುಕೊಂಡು ಎತ್ತಿಟ್ಟಿದ್ದರಂತೆ.

"ಉಜ್ಜಲಾ, ಬುಡಲಾ ಅಕ್ಕ?" ಅಂತ ಯೋಗೀಶ ಕೇಳಿದ.

ಅವರು ತಮ್ಮ ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟರು.

"ಬ್ಯಾಡ ಕಣಪ್ಪ. ಎಲ್ಲಾನೂ ಮಣ್ಣಿಗೆ ಹಾಕ್ಬುಟ್ವಿ ಅಂದ್ಕೊಂಡಿದ್ದೆ. ಕೈ ಇಲ್ಲೈತೆ."

ನನಗೆ ತಲೆಯೆತ್ತಲು ಆಗಲಿಲ್ಲ. ಎರಡು ನಿಮಿಷದ ಕೆಲಸ ಅಂದವನು ನಾನೇ ತಾನೆ.

ಆ ಮಧ್ಯಾಹ್ನ ಯೋಗೀಶ ಟ್ಯಾಂಕಿಗೆ ನೀಲಿ ಬಣ್ಣ ಹೊಡೆದ. ಯಾವ ಗಾಡಿಗೂ ಮೂರು ಕೋಟ್‌ಗೆ ಕಡಿಮೆ ಮಾಡದವನು, ಅದಕ್ಕೆ ಮಾತ್ರ ತೆಳ್ಳಗೆ ಒಂದೇ ಒಂದು ಕೋಟ್ ಹೊಡೆದು ಬಣ್ಣದ ಗನ್ನು ತೊಳೆದಿಟ್ಟ. ಇನ್ನೊಂದು ಹೊಡೆದಿದ್ದರೆ ಗೆರೆ ಮುಚ್ಚಿಹೋಗುತ್ತಿತ್ತು.