ಬಳೆಗಾರ ಮಲಕಪ್ಪನ ಮೈಗೇರಿದ ಬಂಗಾರ

ಪುಣೆಯ ತುಳಶೀಬಾಗ ಪೇಟೆಯ ಬಳೆಗಾರ ಮಲಕಪ್ಪ ಬಳೆ ತೊಡಿಸುವ ಚೆಂದವನ್ನು ಏನು ಹೇಳೋಣ! ಮಲಗಿದ ಕೂಸಿನ ಕೈಗೆ ಬಳೆ ಏರಿಸಿದರೂ ಕೂಸಿಗೆ ಎಚ್ಚರವಾಗುತ್ತಿರಲಿಲ್ಲವಂತೆ. ಆನೆ ಬಂದು ಕಾಲು ಚಾಚಿದ್ದರೆ ಅದಕ್ಕೂ ಒಂದು ಜೊತೆ ಹೊಂದಿಸಿ ಕಳಿಸುತ್ತಿದ್ದನೇನೋ. ಧಾರವಾಡ ಬಿಟ್ಟು ಪುಣೆ ಸೇರಿದವನಿಗೆ ಆ ಬೆರಳುಗಳೇ ಹೊಲ, ಅವೇ ಮನೆ.

ಅಂಥ ಬೆರಳುಗಳು ಸಂಧಿವಾತಕ್ಕೆ ಸಿಕ್ಕಿ ಹಸಿಶುಂಠಿಯಂತೆ ಊದಿ ಬಿಗಿದವು. ಬೆಳಗಾವಿ ಕಡೆಯ ಡಾಕ್ಟರರೊಬ್ಬರು ವಾರವಾರ ಬಂಗಾರ ಬೆರೆತ ಔಷಧದ ಸೂಜಿ ಹಾಕತೊಡಗಿದರು.

"ಗಾಜು ಮಾರಾಂವಗ ಬಂಗಾರದ ಮೈ ಬರತದ, ನೋಡ್ತಿರು," ಎಂದು ಮಲಕಪ್ಪ ಹೆಂಡತಿ ಶಿವಗಂಗವ್ವನನ್ನು ಕಾಡಿಸುತ್ತಿದ್ದ.

"ಬರ್ಲಿ ತಗೋರಿ, ಕರಗಿಸಿ ಒಂದು ಸರಾ ಮಾಡಿಸ್ಕೋತೀನಿ."

ಊತವೇನೋ ಇಳಿಯಿತು, ಬೆರಳುಗಳು ಮೊದಲಿನಂತೆ ಆಡಿದವು. ಆದರೆ ಮುಖ, ಮುಂಗೈ ಮಳೆಮೋಡ ಹಿಂಡಿ ಸವರಿದ ಹಾಗೆ ಬೂದುನೀಲಿಗೆ ತಿರುಗಿದವು. ಅಂಗಡಿಗೆ ಬಂದ ಹೆಂಗಸರು ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಮಂಕಾದ ಬಂಗಾರಕ್ಕೆ ಅಂಟುವಾಳದ ನೊರೆ. ಶಿವಗಂಗವ್ವನಿಗೆ ತಿಳಿದದ್ದು ಅಷ್ಟೇ. ದಿನವೂ ಗಂಡನನ್ನು ತಿಕ್ಕಿ ತೊಳೆದು, ಒಡವೆ ಒಣಗಿಸುವಂತೆ ಮಾಳಿಗೆಯ ಬಿಸಿಲಿಗೆ ಕೂರಿಸಿದಳು. ಬಣ್ಣ ಇನ್ನೂ ಗಾಢವಾಯಿತು.

ಡಾಕ್ಟರರು ಹಣೆ ಚಚ್ಚಿಕೊಂಡರು. "ಬಿಸಿಲಿಗೇ ಏರೂ ಬಣ್ಣ ಅದು, ತಂಗೀ! ಸಾವಿರದಾಗ ಎಲ್ಲೋ ಒಬ್ಬರಿಗೆ ಬಂಗಾರ ಹಿಂಗ ಚರ್ಮದಾಗ ಕೂಡತದ. ಸೂಜಿ ನಿಲ್ಲಸ್ತೀನಿ. ಬಣ್ಣ ಮಾತ್ರ ಹೋಗೂದಿಲ್ಲ."

ಇನ್ನು ಹಳೆಯ ಗಿರಾಕಿಗಳೇ ಗತಿ ಎಂದುಕೊಂಡಿರುವಾಗ, ಅಂಥ ಗಿರಾಕಿ ರಂಗೂಬಾಯಿ ತನ್ನ ಮಗಳು ಇಂದೂಳನ್ನು ಕರೆದುಕೊಂಡು ಮದುವೆಯ ಹಸಿರು ಬಳೆಗೆಂದು ಬಂದಳು. ಮಲಕಪ್ಪ ಮಣೆ ಒರೆಸಿ ಮುಂದಿಟ್ಟ. ಇಂದೂ ತಾಯಿಯ ಹಿಂದೆಯೇ ನಿಂತಳು.

"ಕಟ್ಟಿಕೊಡ್ರಿ ಮಲಕಪ್ಪ. ಮನ್ಯಾಗ ನಾವೇ ಹಾಕ್ತೀವಿ."

"ಅಕ್ಕಾರ, ನಿಮ್ಮ ಲಗ್ನದ ಬಳೀನೂ ಇದೇ ಕೈ ಹಾಕಿತ್ರಿ. ಇದು ರೋಗ ಅಲ್ರಿ, ಔಷಧದ ಬಣ್ಣ. ಅಂಟೂದಿಲ್ಲ."

"ನನಗ ತಿಳೀತದರಿ. ಬೀಗರಿಗೆ ಯಾರು ತಿಳಿಸಬೇಕು?" ರಂಗೂಬಾಯಿ ಅವನ ಮುಖ ನೋಡದೆ ಗಂಟು ಎತ್ತಿಕೊಂಡು ಹೋದಳು.

ಮರುದಿನ ಸಂತೆಯ ಹೊತ್ತಿಗೆ ಶಿವಗಂಗವ್ವ ತಾನೇ ಬಂದು ಗಿರಾಕಿಯ ಮಣೆಯ ಮೇಲೆ ಕುಳಿತು, ಎಲ್ಲರಿಗೂ ಕಾಣುವಂತೆ ಕೈ ಚಾಚಿದಳು. ಮಲಕಪ್ಪ ಮೊಣಕೈವರೆಗೆ ಏರಿಸಿದ. ಒಂದು ಬಳೆಯೂ ಬಿರುಕು ಬಿಡಲಿಲ್ಲ. ನಿಂತು ನೋಡಿದ ಹೆಂಗಸರು "ಅಯ್ಯ ಪಾಪ" ಎಂದು ಪಕ್ಕದ ಅಂಗಡಿ ಹೊಕ್ಕರು.

"ಆತಲ್ಲ, ಏಳು," ಎಂದ ಮಲಕಪ್ಪ.

"ಎಲ್ಲಾ ತಗೀರಿ," ಎಂದಳು ಅವಳು, ಕೈ ಹಿಂದೆಗೆಯದೆ. "ಮತ್ತ ಹಾಕ್ರಿ."